ಲ್ಯಾಪ್‌ಟಾಪಿಗೆ ಜ್ವರ

"72!" ಎಂದು ಸೀನ ಕೂಗಿದ.

ಗುಂಡಣ್ಣನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. "ಅಯ್ಯೋ, ಯಾರು ಹೋದರೋ?"

"ಲ್ಯಾಪ್‌ಟಾಪಿನ ಪ್ರೊಸೆಸರ್ ಚಿಪ್ಪು, ಗುಂಡಣ್ಣ! ನಿನ್ನೆ ಇದೇ ಹೊತ್ತಿಗೆ 68 ಡಿಗ್ರಿ ಇತ್ತು."

ಬಿಸಿ ಎಷ್ಟು ಅಂತ ತೋರಿಸುವ ಆ್ಯಪ್ ಹಾಕಿಕೊಂಡಾಗಿನಿಂದ ಸೀನನ ಪಾಡು ಇದೇ. ಕೆಲಸ ಕಮ್ಮಿ, ಜ್ವರ ನೋಡುವುದು ಜಾಸ್ತಿ.

"ವಿಡಿಯೋ ಕಾಲ್ ಮುಗಿಸಿದೆ ತಾನೇ? 72 ಅಂದರೆ ಆರೋಗ್ಯವಾಗಿದೆ ಕಣೋ," ಎಂದರು ರಾಯರು. "ಸುಮ್ನೆ ಕೂತಾಗ 40-50. ದುಡಿಸಿದರೆ 70-80. ದೊಡ್ಡ ಗೇಮ್ ಆಡಿದರೆ 90 ಕೂಡ ಮುಟ್ಟುತ್ತದೆ. 100ರ ಹತ್ತಿರ ಬಂದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಮೀರಿದರೆ ಆಫ್ ಆಗುತ್ತದೆ. ನಿನ್ನ ಹಾಗಲ್ಲ. ನೀನು ಸುಸ್ತಾದರೂ ಮಾತು ನಿಲ್ಲಿಸಲ್ಲ."

"ನನ್ನದು 40 ದಾಟಬಾರದು ರಾಯರೇ."

"ದಾವಣಗೆರೆ, ಏಪ್ರಿಲ್ ತಿಂಗಳು. ಈ ರೂಮೇ 37 ಇದೆ. ಅದರ ಫ್ಯಾನು ಊದುವುದೂ ಇದೇ ಗಾಳಿ. ಊಟಿಯಿಂದ ತರಿಸಿಕೊಳ್ಳುತ್ತದಾ?"

"ಅದಕ್ಕೇ ಕೆಳಗಿಂದ ಗಾಳಿ ಊದೋ ಕೂಲಿಂಗ್ ಪ್ಯಾಡ್ ತಂದೆ. ನೀಲಿ ಲೈಟ್ ಇರೋದು."

"ಲೈಟ್ ನೀಲಿ ಇದ್ದರೆ ಗಾಳಿ ತಣ್ಣಗಾಗುತ್ತದಾ? ಎಲ್ಲಿಟ್ಟಿದ್ದೀಯ ಲ್ಯಾಪ್‌ಟಾಪನ್ನ?"

"ಹಾಸಿಗೆ ಮೇಲೆ."

"ಜ್ವರ ಅಲ್ವಾ, ಮಲಗಿಸಿದ್ದಾನೆ ಬಿಡಿ," ಎಂದ ಗುಂಡಣ್ಣ.

"ಗಾಳಿ ಎಳೆಯೋ ಕಿಂಡಿ ಇರುವುದೇ ತಳದಲ್ಲಿ. ಮೂಗಿಗೆ ರಗ್ಗು ಒತ್ತಿ ಮಲಗಿಸಿದ್ದೀಯ!" ರಾಯರು ಅದನ್ನೆತ್ತಿ ಮೇಜಿನ ಮೇಲಿಟ್ಟು, ಹಿಂಬದಿಯ ಕೆಳಗೆ ಎರಡು ಸೋಡಾ ಮುಚ್ಚಳ ಕೊಟ್ಟರು. "ಧೂಳು ತೆಗೆಸಿ ಎಷ್ಟು ದಿನ ಆಯ್ತು?"

"ತಂದು ನಾಲ್ಕು ವರ್ಷ ಆಯ್ತು."

"ನಾನು ಕೇಳಿದ್ದು ಅದಲ್ಲ. ಇರಲಿ, ಉತ್ತರ ಸಿಕ್ಕಿತು. ಪೇಸ್ಟೂ ಒಣಗಿರುತ್ತದೆ."

"ಯಾವ ಪೇಸ್ಟು?"

"ಹಲ್ಲುಜ್ಜೋದಲ್ಲ ಮಾರಾಯ. ಚಿಪ್ಪಿನ ಬಿಸಿಯನ್ನು ಅದರ ಮೇಲಿನ ತಾಮ್ರಕ್ಕೆ ದಾಟಿಸೋದು. ರಿಪೇರಿಯವನಿಗೆ ಕೊಡು, ಎರಡನ್ನೂ ಸರಿ ಮಾಡುತ್ತಾನೆ."

ಮಂಡಕ್ಕಿ ತಟ್ಟೆ ಖಾಲಿಯಾಗುವಷ್ಟರಲ್ಲಿ 63ಕ್ಕೆ ಇಳಿಯಿತು. ಸೀನ ಮತ್ತೆ ಇಣುಕಿದ. ಮತ್ತೆ ಇಣುಕಿದ.

"ಆ ಆ್ಯಪ್ ಮುಚ್ಚೋ," ಎಂದರು ರಾಯರು. "ನಮ್ಮಮ್ಮನ ಹತ್ತಿರ ಥರ್ಮಾಮೀಟರೇ ಇರಲಿಲ್ಲ. ಕೈ ಮಗುಚಿ ಕತ್ತಿನ ಹತ್ತಿರ ಇಡುತ್ತಿದ್ದಳು. 'ಬೆಚ್ಚಗಿದೆ, ಇವತ್ತು ಸ್ಕೂಲು ಬೇಡ' ಅನ್ನುತ್ತಿದ್ದಳು. ಲೆಕ್ಕದ ಪರೀಕ್ಷೆ ದಿನ ನನ್ನದು ಸುಳ್ಳು ಜ್ವರ. ಅವಳಿಗದು ಗೊತ್ತಾಗುತ್ತಿತ್ತು. ಆದರೂ ಒಂದೆರಡು ಸಲ ಬೆಚ್ಚಗಿದೆ ಅಂದಿದ್ದಳು."

ಸ್ವಲ್ಪ ಹೊತ್ತು ಫ್ಯಾನಿನ ಸದ್ದೊಂದೇ ಕೇಳಿಸಿತು.

ಸೀನ ಆ್ಯಪ್ ಮುಚ್ಚಿದ. ಕೈ ಮಗುಚಿ, ಮೆಲ್ಲಗೆ ಕೀಬೋರ್ಡಿನ ಪಕ್ಕ ಇಟ್ಟ.

"ಏನಂತೆ? ಸ್ಕೂಲಿಗೆ ಕಳಿಸಬಹುದಾ?" ಎಂದ ಗುಂಡಣ್ಣ.