ಹಳೇ ಸೀಮೆಎಣ್ಣೆ ಸ್ಟೌವ್: ಬಾಟಲಿ ಅರ್ಧ ಖಾಲಿಯಾದ ಮೇಲೆ ಉರಿ ತಾನಾಗಿ ಏರುವುದು ಯಾಕೆ?

ತಗಡುಗಾರ:

ಎಲ್ಲರಿಗೂ ನಮಸ್ಕಾರ. ಎರಡು ಬರ್ನರ್‌ನ ಹಳೇ ಬತ್ತಿ ಸ್ಟೌವ್ ಒಂದನ್ನು ರಿಪೇರಿ ಮಾಡುತ್ತಿದ್ದೇನೆ. ಗಾಜಿನ ಬಾಟಲಿಯನ್ನು ಪಕ್ಕದಲ್ಲಿ ತಲೆಕೆಳಗಾಗಿ ಕೂರಿಸುವ ಮಾದರಿ. ಬಾಟಲಿ ಕೂರುವ ಜಾಗದಲ್ಲಿ ಸಣ್ಣ ಬಟ್ಟಲು ಇದೆ, ಅಲ್ಲಿಂದ ಒಂದೇ ಕೊಳವೆ ಎರಡೂ ಬರ್ನರ್‌ಗೆ ಎಣ್ಣೆ ಕೊಡುತ್ತದೆ. ಬತ್ತಿ ಹೊಸದು. ಕೊಳವೆ ತೊಳೆದು ಒಣಗಿಸಿದ್ದೇನೆ. ಬಾಟಲಿ ಮುಚ್ಚಳದ ಸ್ಪ್ರಿಂಗ್ ವಾಲ್ವ್ ಕೂಡ ಸರಿಯಾಗಿ ತೆರೆದು ಮುಚ್ಚುತ್ತಿದೆ.

ತೊಂದರೆ ಏನಂದ್ರೆ, ಬಾಟಲಿ ತುಂಬಿದ್ದಾಗ ಎಲ್ಲಾ ಚೆನ್ನಾಗಿರುತ್ತದೆ. ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಸ್ಟೌವ್ ಹೊತ್ತಿಸಿದರೆ, ಸ್ವಲ್ಪ ಹೊತ್ತಿಗೆ ಉರಿ ತಾನಾಗಿ ಏರಿ ಹಳದಿಯಾಗುತ್ತದೆ, ಮಸಿ ಬರುತ್ತದೆ, ಬಟ್ಟಲಿನ ಅಂಚಿನಿಂದ ಎಣ್ಣೆ ಜಿನುಗುತ್ತದೆ. ಎಣ್ಣೆ ಕಡಿಮೆಯಾದರೆ ಉರಿ ಇಳಿಯಬೇಕು ಅಲ್ವಾ? ಇದು ಉಲ್ಟಾ ಆಗುತ್ತಿದೆ.

ಇನ್ನೊಂದು ಪ್ರಶ್ನೆ. ಮೊದಮೊದಲ ಎಣ್ಣೆ ಸ್ಟೌವ್‌ಗಳ ಚಿತ್ರ ನೋಡಿದರೆ ಟ್ಯಾಂಕ್ ಒಂದರಲ್ಲಿ ಬತ್ತಿಯ ಕೆಳಗೇ ಇದೆ, ಒಂದರಲ್ಲಿ ಪಕ್ಕದಲ್ಲಿ, ಇನ್ನೊಂದರಲ್ಲಿ ತಲೆಯ ಮೇಲೆ. ಇಷ್ಟೊಂದು ಬಗೆ ಯಾಕೆ ಬೇಕಾಯಿತು? ಬಾಟಲಿಯ ಗೊಡವೆ ಬಿಟ್ಟು ಕೆಳಗೆ ಒಂದು ತಗಡಿನ ಟ್ಯಾಂಕ್ ಮಾಡಿ ಕೂರಿಸಿದರೆ ನಡೆಯುತ್ತದಾ?

ದೀಪದಕಂಬ:

ಎರಡನೇ ಪ್ರಶ್ನೆಗೆ ಉತ್ತರ ಸ್ಟೌವ್‌ನಲ್ಲಿ ಇಲ್ಲ, ಅದಕ್ಕೂ ಹಿಂದಿನ ದೀಪಗಳಲ್ಲಿದೆ. 1780ರ ದಶಕದಲ್ಲಿ ಆರ್ಗಾಂಡ್ ಎಂಬಾತನ ದೀಪ ಬಂದಾಗ ಉರಿಸುತ್ತಿದ್ದದ್ದು ಸಸ್ಯದ ಎಣ್ಣೆ, ತಿಮಿಂಗಿಲದ ಎಣ್ಣೆ. ಅವು ಮಂದ. ಸಾಸಿವೆ ಜಾತಿಯ ಎಣ್ಣೆ ಸೀಮೆಎಣ್ಣೆಗಿಂತ ಹತ್ತಾರು ಪಟ್ಟು ಮಂದವಾಗಿ ಹರಿಯುತ್ತದೆ. ಬತ್ತಿ ಅದನ್ನು ಜಾಸ್ತಿ ಎತ್ತರಕ್ಕೆ, ಉರಿಗೆ ಸಾಕಾಗುವಷ್ಟು ವೇಗದಲ್ಲಿ ಎಳೆಯುವುದಿಲ್ಲ. ಹಾಗಾಗಿ ಟ್ಯಾಂಕನ್ನು ಪಕ್ಕದಲ್ಲಿ ಎತ್ತರಕ್ಕೆ ಇಟ್ಟು, ಎಣ್ಣೆ ತಾನಾಗಿ ಬತ್ತಿಯ ತುದಿಯ ಹತ್ತಿರಕ್ಕೇ ಬರುವಂತೆ ಮಾಡಲೇಬೇಕಿತ್ತು. ಆ ಟ್ಯಾಂಕಿನ ನೆರಳು ಒಂದು ಕಡೆಯ ಬೆಳಕನ್ನೇ ನುಂಗುತ್ತಿತ್ತು. ಅದನ್ನು ತಪ್ಪಿಸಲು 1800ರಲ್ಲಿ ಕಾರ್ಸೆಲ್ ಎಂಬಾತ ಟ್ಯಾಂಕನ್ನು ಬುಡಕ್ಕೆ ಇಳಿಸಿ, ಗಡಿಯಾರದ ಯಂತ್ರದಿಂದ ಎಣ್ಣೆಯನ್ನು ಮೇಲಕ್ಕೆ ಪಂಪ್ ಮಾಡಿದ. ಒಂದು ದೀಪಕ್ಕೆ ಗಡಿಯಾರ ಕೀಲಿ ಕೊಡುವಷ್ಟು ಕೆಲಸ! ಆಮೇಲೆ 1830ರ ದಶಕದಲ್ಲಿ ಸ್ಪ್ರಿಂಗ್ ಒತ್ತುವ ಪಿಸ್ಟನ್ ಬಂತು, ಅದು ಕಡಿಮೆ ಖರ್ಚಿನದು.

ಸೀಮೆಎಣ್ಣೆ ಬಂದದ್ದೇ ಈ ಕಸರತ್ತೆಲ್ಲಾ ನಿಂತುಹೋಯಿತು. ಗೆಸ್ನರ್ ಎಂಬಾತ 1846ರಲ್ಲಿ ಅದನ್ನು ತೋರಿಸಿದ, 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಡ್ರೇಕ್ ಎಂಬಾತ ಎಣ್ಣೆ ಬಾವಿ ಕೊರೆದ ಮೇಲೆ ಎಣ್ಣೆ ಅಗ್ಗವಾಯಿತು. ತೆಳುವಾದ ಎಣ್ಣೆ, ಸುಮ್ನೆ ಬತ್ತಿ ಇಳಿಬಿಟ್ಟರೆ ಸಾಕು, ತಾನೇ ಏರುತ್ತದೆ. ಟ್ಯಾಂಕ್ ಕೆಳಗೆ, ಉರಿ ಮೇಲೆ. ಮೊದಲ ಸ್ಟೌವ್ ಮಾಡಿದವರು ದೀಪವನ್ನೇ ಅಗಲ ಮಾಡಿ ಮೇಲೆ ಪಾತ್ರೆ ಇಡಲು ಚೌಕಟ್ಟು ಹಾಕಿದರು ಅಂದರೂ ತಪ್ಪಿಲ್ಲ.

ಆದರೆ ದೀಪಕ್ಕೆ ನಡೆದದ್ದು ಸ್ಟೌವ್‌ಗೆ ಪೂರ್ತಿ ನಡೆಯಲಿಲ್ಲ. ಸ್ಟೌವ್ ಎಣ್ಣೆ ಕುಡಿಯುವುದೂ ಜಾಸ್ತಿ, ಕೆಳಕ್ಕೆ ಬಿಡುವ ಶಾಖವೂ ಜಾಸ್ತಿ. ಬತ್ತಿ ಕೂರುವ ಹಿತ್ತಾಳೆ ಕೊಳವೆ, ಅಂದರೆ ತೋಳು, ನೇರವಾಗಿ ಟ್ಯಾಂಕಿನೊಳಗೆ ಇಳಿದಿದ್ದರೆ ಆ ತೋಳಿನ ಮೂಲಕವೇ ಶಾಖ ಎಣ್ಣೆಗೆ ಇಳಿಯುತ್ತದೆ. ಅದಕ್ಕೇ ಬರ್ನರಿಗೂ ಟ್ಯಾಂಕಿನ ಮೇಲ್ಭಾಗಕ್ಕೂ ನಡುವೆ ಗಾಳಿ ಆಡುವ ಜಾಗ ಬಿಟ್ಟರು. ಪಕ್ಕದ ಟ್ಯಾಂಕ್ ಮತ್ತೆ ಬಂದದ್ದೂ ಮುಖ್ಯವಾಗಿ ಈ ಕಾರಣಕ್ಕೆ, ಈ ಸಲ ಎಣ್ಣೆ ಮಂದ ಅಂತ ಅಲ್ಲ, ಬಿಸಿಯಿಂದ ದೂರ ಇರಲಿ ಅಂತ.

ಹಿತ್ತಾಳೆಪಂಪು:

ಮೊದಲ ಪ್ರಶ್ನೆಗೆ ಬರೋಣ. ತಗಡುಗಾರ ಅವರೇ, ನಿಮ್ಮ ಸ್ಟೌವ್‌ನಲ್ಲಿ ಎಣ್ಣೆಗಿಂತ ಬಾಟಲಿಯೊಳಗಿನ ಗಾಳಿಯ ಕಡೆ ಗಮನ ಕೊಡಿ.

ಕೋಳಿಗೆ ನೀರಿಡುವ ಮಗುಚಿದ ಡಬ್ಬಿಯಂತೆಯೇ ಇದು. ಬಾಟಲಿಯನ್ನು ಕೂರಿಸಿದಾಗ ಬಟ್ಟಲಿನ ತಳದ ಮೊಳೆ ವಾಲ್ವ್‌ನ ಕಡ್ಡಿಯನ್ನು ಮೇಲಕ್ಕೆ ಒತ್ತುತ್ತದೆ, ಬಾಯಿ ತೆರೆಯುತ್ತದೆ, ಎಣ್ಣೆ ಇಳಿಯುತ್ತದೆ. ಬಾಯಿಯ ಅಂಚು ಎಣ್ಣೆಯಲ್ಲಿ ಮುಳುಗಿದ ಕೂಡಲೇ ಒಳಗೆ ಗಾಳಿ ಹೋಗಲು ದಾರಿ ಇಲ್ಲ, ಎಣ್ಣೆ ನಿಲ್ಲುತ್ತದೆ. ಬರ್ನರ್ ಸ್ವಲ್ಪ ಕುಡಿಯುತ್ತದೆ, ಮಟ್ಟ ಅಂಚಿಗಿಂತ ಒಂದು ಕೂದಲೆಳೆ ಇಳಿಯುತ್ತದೆ, ಗುಳುಕ್ ಅಂತ ಒಂದು ಗುಳ್ಳೆ ಮೇಲೇರುತ್ತದೆ, ಅಷ್ಟೇ ಪ್ರಮಾಣದ ಎಣ್ಣೆ ಕೆಳಗಿಳಿದು ಮತ್ತೆ ಅಂಚು ಮುಚ್ಚುತ್ತದೆ. ಬಾಟಲಿಯಲ್ಲಿ ಎಷ್ಟೇ ಎಣ್ಣೆ ಇರಲಿ, ಬರ್ನರ್ ಕಾಣುವ ಮಟ್ಟ ಒಂದೇ. ಬಹಳ ಜಾಣತನದ ಏರ್ಪಾಡು, ನನಗೆ ಇಂದಿಗೂ ಇದನ್ನು ನೋಡುತ್ತಾ ಕೂರುವುದು ಇಷ್ಟ.

ಇದರ ದೌರ್ಬಲ್ಯ ಮೇಲೆ ಸಿಕ್ಕಿಕೊಂಡ ಗಾಳಿ. ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ಎಣ್ಣೆಯನ್ನು ಕೆಳಕ್ಕೆ ತಳ್ಳುತ್ತದೆ. 20 ಡಿಗ್ರಿಯಿಂದ 35 ಡಿಗ್ರಿಗೆ ಏರಿದರೆ ಹಿಗ್ಗುವುದು ಸುಮಾರು ಶೇ. 5. ಎರಡು ಲೀಟರ್ ಬಾಟಲಿ ತುಂಬಿದ್ದು, ಮೇಲೆ 100 ಮಿ.ಲೀ. ಗಾಳಿ ಇದ್ದರೆ ಹೊರಬರುವುದು 5 ಮಿ.ಲೀ. ಎಣ್ಣೆ, ಗೊತ್ತೇ ಆಗುವುದಿಲ್ಲ. ಅದೇ ಬಾಟಲಿಯಲ್ಲಿ ಒಂದೂವರೆ ಲೀಟರ್ ಗಾಳಿ ಇದ್ದರೆ 75 ಮಿ.ಲೀ. ಅಷ್ಟು ಎಣ್ಣೆ ಬಟ್ಟಲಿಗೂ ಕೊಳವೆಗೂ ನುಗ್ಗಿದರೆ ಬರ್ನರಿನಲ್ಲಿ ಮಟ್ಟ ಏರುತ್ತದೆ, ಉರಿ ಏರುತ್ತದೆ, ಅದರಿಂದ ಬಾಟಲಿ ಇನ್ನೂ ಬಿಸಿಯಾಗುತ್ತದೆ. ನೀವು ಹೇಳಿದ್ದು ಇದೇ ಅಲ್ವಾ.

ಆದರೆ ಇನ್ನೊಂದು ಸಾಧ್ಯತೆಯನ್ನು ಮೊದಲು ತಳ್ಳಿಹಾಕಿ. ಬಾಟಲಿಯ ಗಾಜಿನಲ್ಲಿ ಸಣ್ಣ ಬಿರುಕಿದ್ದರೂ, ಮುಚ್ಚಳದ ವಾಷರ್ ಒಣಗಿ ಗಾಳಿ ಎಳೆಯುತ್ತಿದ್ದರೂ ಮಟ್ಟ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ. ಅರ್ಧಕ್ಕಿಂತ ಕಡಿಮೆ ಎಣ್ಣೆ ಹಾಕಿ, ಸ್ಟೌವ್ ಹೊತ್ತಿಸದೆ, ಬಿಸಿಲು ಬೀಳದ ಜಾಗದಲ್ಲಿ ಒಂದು ರಾತ್ರಿ ಬಿಡಿ. ತಣ್ಣಗಿದ್ದಾಗಲೂ ಬಟ್ಟಲು ತುಂಬಿ ಹರಿದರೆ ಗಾಳಿ ಸೋರಿಕೆ. ಹೊತ್ತಿಸಿದಾಗ ಮಾತ್ರ ಹರಿದರೆ ಶಾಖ. ಇದು ಗೊತ್ತಾಗುವವರೆಗೆ ಅದನ್ನು ದಯವಿಟ್ಟು ಹೊತ್ತಿಸಬೇಡಿ.

ಸ್ಟೌವ್ ಮಟ್ಟವಾಗಿ ಕೂತಿದೆಯಾ ಅಂತಲೂ ನೋಡಿ. ಕೊಳವೆ 60 ಸೆಂ.ಮೀ. ಉದ್ದ ಇದ್ದರೆ ಒಂದೇ ಡಿಗ್ರಿ ವಾಲಿದರೂ ಈ ತುದಿಗೂ ಆ ತುದಿಗೂ ಒಂದು ಸೆಂ.ಮೀ. ವ್ಯತ್ಯಾಸ. ಒಂದು ಬರ್ನರ್ ಮಸಿ ಕಕ್ಕುತ್ತದೆ, ಇನ್ನೊಂದು ಹಸಿದಿರುತ್ತದೆ.

ನೀಲಿಉರಿ:

ಹಿತ್ತಾಳೆಪಂಪು ಅವರು ಹೇಳಿದ್ದು ಸರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಬಾಟಲಿ ಏರ್ಪಾಡಿಗೆ ಪೆಟ್ರೋಲ್, ಥಿನ್ನರ್ ಬೆರೆತ ಎಣ್ಣೆ ಯಾವತ್ತೂ ಹಾಕಬಾರದು. ಅಲ್ಲಿ ಗಾಳಿ ಹಿಗ್ಗುವುದರ ಜೊತೆಗೆ ಎಣ್ಣೆಯ ಆವಿಯೂ ಸೇರಿ ತಳ್ಳುತ್ತದೆ, ಬಟ್ಟಲು ಉಕ್ಕಿ ಹರಿಯುತ್ತದೆ.

ಹಳೇ ಕಾಲದ ಅಪಘಾತಗಳ ಹಿಂದೆ ಇದ್ದದ್ದೂ ಟ್ಯಾಂಕಿಗಿಂತ ಜಾಸ್ತಿ ಎಣ್ಣೆಯೇ. ಆಗ ಪೆಟ್ರೋಲಿಗೆ ಹೆಚ್ಚು ಬಳಕೆ ಇರಲಿಲ್ಲ, ಅಗ್ಗದ ಮಾಲು. ಸಂಸ್ಕರಿಸುವವರು ಅದನ್ನು ಸೀಮೆಎಣ್ಣೆಯಲ್ಲೇ ಉಳಿಸಿಬಿಡುತ್ತಿದ್ದರು. 1869ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ ಚಾರ್ಲ್ಸ್ ಚಾಂಡ್ಲರ್ ಎಂಬ ರಸಾಯನಶಾಸ್ತ್ರಜ್ಞ ಮಾರಾಟದ ಎಣ್ಣೆಗಳನ್ನು ಪರೀಕ್ಷಿಸಿದಾಗ ಬಹುಪಾಲು ಅಪಾಯದ್ದೇ ಆಗಿದ್ದವು. ಬ್ರಿಟನ್ನಿನಲ್ಲಿ 1879ರ ಕಾಯ್ದೆ ಏಬೆಲ್ ಎಂಬ ರಸಾಯನಶಾಸ್ತ್ರಜ್ಞರ ಮುಚ್ಚಿದ ಬಟ್ಟಲಿನ ಪರೀಕ್ಷೆಯನ್ನು ತಂದಿತು, 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆವಿ ಹೊತ್ತಿಕೊಳ್ಳಬಾರದು ಅಂತ. ಇದು ಎಷ್ಟು ಸಣ್ಣ ಅಂತರ ನೋಡಿ. ಬೆಚ್ಚಗಿನ ದಿನದಲ್ಲಿ ಉರಿಯ ಕೆಳಗಿರುವ ಟ್ಯಾಂಕ್ ಅದನ್ನು ಸಲೀಸಾಗಿ ದಾಟುತ್ತದೆ. ಟ್ಯಾಂಕ್ ತುಂಬಿದ್ದಾಗ ಅಷ್ಟು ಭಯವಿಲ್ಲ, ಅರ್ಧ ಖಾಲಿಯಾದಾಗ ಎಣ್ಣೆಯ ಮೇಲೆ ಆವಿ ಮತ್ತು ಗಾಳಿ ಬೆರೆತು ನಿಲ್ಲುತ್ತದಲ್ಲ, ಬತ್ತಿ ತೋಳಿನಲ್ಲಿ ಸಡಿಲವಾಗಿದ್ದರೆ ಉರಿ ಆ ಸಂದಿಯಿಂದ ಒಳಗೆ ಇಳಿಯುವ ದಾರಿ ಸಿಗುತ್ತದೆ. ಅದಕ್ಕೇ ಬತ್ತಿ ಬಿಗಿಯಾಗಿ ಕೂರಬೇಕು ಅನ್ನುವುದು.

ತಲೆಯ ಮೇಲಿನ ಟ್ಯಾಂಕ್ ಪೆಟ್ರೋಲ್ ಸ್ಟೌವ್‌ಗಳದ್ದು. ಎತ್ತರದಿಂದ ತನ್ನ ಭಾರಕ್ಕೇ ಇಳಿದು, ಬಿಸಿ ಕೊಳವೆಯಲ್ಲಿ ಆವಿಯಾಗಿ ಉರಿಯುತ್ತಿತ್ತು. 60 ಸೆಂ.ಮೀ. ಎತ್ತರದಿಂದ ಸಿಗುವ ಒತ್ತಡ ವಾತಾವರಣದ ಒತ್ತಡದ ಶೇ. 5 ಕೂಡ ಆಗುವುದಿಲ್ಲ, ಆದರೂ ಕೆಲಸ ನಡೆಯುತ್ತಿತ್ತು. ಉರಿಯುತ್ತಿರುವಾಗಲೇ ಮೇಲಿನಿಂದ ಪೆಟ್ರೋಲ್ ಸುರಿಯಲು ಹೋಗಿ ಜನ ಸುಟ್ಟುಕೊಂಡರು. ನನ್ನ ಪ್ರಕಾರ ಇಡೀ ಸ್ಟೌವ್ ಚರಿತ್ರೆಯಲ್ಲೇ ಅತಿ ಕೆಟ್ಟ ಟ್ಯಾಂಕ್ ಅದು.

ಇನ್ನೊಂದು ಮಾತು. ಬತ್ತಿಯ ಬದಲು ಬಿಳಿ ನಾರಿನ ಉಂಗುರ ಇರುವ ಹಳೇ ಸ್ಟೌವ್ ಯಾರ ಬಳಿಯಾದರೂ ಇದ್ದರೆ ಅದು ಕಲ್ನಾರು (ಆಸ್ಬೆಸ್ಟಾಸ್) ಆಗಿರಬಹುದು. ಕೆರೆಯಬೇಡಿ, ಊದಬೇಡಿ.

ತಗಡುಗಾರ:

ತುಂಬಾ ಧನ್ಯವಾದ. ಪರೀಕ್ಷೆ ಹಾಕಿ ಬಂದು ಹೇಳುತ್ತೇನೆ. ಅಷ್ಟರಲ್ಲಿ, ಪಂಪ್ ಸ್ಟೌವ್‌ನಲ್ಲಿ ಟ್ಯಾಂಕ್ ಉರಿಯ ಕೆಳಗೇ ಇದೆಯಲ್ಲ, ಅದಕ್ಕೆ ಈ ಮಟ್ಟದ ಕಾಟ ಯಾಕಿಲ್ಲ? ಮತ್ತೆ ನಾನು ಕೆಳಗೆ ಟ್ಯಾಂಕ್ ಮಾಡಿದರೆ ಎಷ್ಟು ಆಳ ಇರಬೇಕು?

ಹಿತ್ತಾಳೆಪಂಪು:

ಪಂಪ್ ಸ್ಟೌವ್‌ನಲ್ಲಿ ಎಣ್ಣೆಯನ್ನು ಮೇಲಕ್ಕೆ ಒಯ್ಯುವುದು ಬತ್ತಿಯಲ್ಲ, ಗಾಳಿಯ ಒತ್ತಡ. ಎಣ್ಣೆ ನಾಲ್ಕು ಬೆರಳು ಮೇಲಿರಲಿ ಕೆಳಗಿರಲಿ ಅದಕ್ಕೆ ಲೆಕ್ಕವಿಲ್ಲ. ಸ್ಟಾಕ್‌ಹೋಮ್‌ನ ಲಿಂಡ್‌ಕ್ವಿಸ್ಟ್ 1892ರಲ್ಲಿ ಪ್ರೈಮಸ್ ಎಂಬ ಪಂಪ್ ಸ್ಟೌವ್ ಮಾಡಿದಾಗ ಗೆದ್ದದ್ದು ಇಲ್ಲೇ. ಟ್ಯಾಂಕ್ ಎಣ್ಣೆ ಇಡುವ ಪಾತ್ರೆಯೂ ಹೌದು, ಒತ್ತಡ ಕೂಡಿಡುವ ಪಾತ್ರೆಯೂ ಹೌದು.

ಅದನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು ಅನ್ನುವುದಕ್ಕೂ ಅದೇ ಕಾರಣ. ಒಂದು ಲೀಟರ್ ಟ್ಯಾಂಕಿನಲ್ಲಿ ಕಾಲು ಲೀಟರ್ ಗಾಳಿ ಇದೆ ಅಂದುಕೊಳ್ಳಿ. ಕಾಲು ಲೀಟರ್ ಎಣ್ಣೆ ಉರಿದುಹೋದಾಗ ಗಾಳಿಯ ಜಾಗ ಎರಡು ಪಟ್ಟಾಗುತ್ತದೆ, ಒಟ್ಟು ಒತ್ತಡ ಅರ್ಧವಾಗುತ್ತದೆ. ಶುರುವಿನಲ್ಲಿ ವಾತಾವರಣದ ಎರಡರಷ್ಟು ಇದ್ದರೆ ಈಗ ಹೊರಗೂ ಒಳಗೂ ಸಮ, ಉರಿ ಸತ್ತಂತೆಯೇ, ಮತ್ತೆ ಪಂಪ್ ಹೊಡೆಯಬೇಕು. ಇನ್ನೂ ಜಾಸ್ತಿ ತುಂಬಿದರೆ ಪದೇ ಪದೇ ಹೊಡೆಯಬೇಕು.

ಆ ಟ್ಯಾಂಕಿನ ಆಕಾರವೂ ಸುಮ್ನೆ ಬಂದದ್ದಲ್ಲ. ಚಪ್ಪಟೆ ತಗಡು ಒತ್ತಡಕ್ಕೆ ಉಬ್ಬುತ್ತದೆ, ಅದಕ್ಕೇ ಗುಂಡಗಿನ ಹೊಟ್ಟೆ, ಮೇಲೆ ಗುಮ್ಮಟ. ಪಂಪಿನ ತಳದಲ್ಲಿ ಸ್ಪ್ರಿಂಗ್ ಒತ್ತುವ ಒಂದು ಸಣ್ಣ ಕಾರ್ಕ್ ಬಿಲ್ಲೆ ಇರುತ್ತದೆ, ಗಾಳಿ ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಅದು ಸವೆದರೆ ಹಿಡಿಕೆ ತಾನೇ ಮೇಲೆದ್ದು ಬರುತ್ತದೆ, ಪಂಪಿನೊಳಗೆ ಎಣ್ಣೆ ನುಗ್ಗುತ್ತದೆ. ಹಳೇ ಮಾದರಿಗಳಲ್ಲಿ ಉರಿ ಆರಿಸುವುದೂ ಟ್ಯಾಂಕಿನಿಂದಲೇ, ಮುಚ್ಚಳದ ಸಣ್ಣ ತಿರುಪು ಬಿಚ್ಚಿದರೆ ಗಾಳಿ ಹೋಗುತ್ತದೆ, ಉರಿ ನಿಲ್ಲುತ್ತದೆ.

ದೀಪದಕಂಬ:

ಬತ್ತಿ ಸ್ಟೌವ್‌ನ ಕೆಳಟ್ಯಾಂಕ್ ಆದಷ್ಟು ಅಗಲ, ಆದಷ್ಟು ಆಳ ಕಡಿಮೆ. ಲೆಕ್ಕ ನೋಡಿ. 30 ಸೆಂ.ಮೀ. ಚೌಕದ ಟ್ಯಾಂಕಿನಲ್ಲಿ ಎರಡು ಲೀಟರ್ ಎಣ್ಣೆ ನಿಲ್ಲುವುದು ಬರೀ 2.2 ಸೆಂ.ಮೀ. ಅದೇ ಎರಡು ಲೀಟರನ್ನು 10 ಸೆಂ.ಮೀ. ಅಗಲದ ಗುಂಡಗಿನ ಉದ್ದ ಡಬ್ಬಿಗೆ ಹಾಕಿದರೆ ಸುಮಾರು 25 ಸೆಂ.ಮೀ. ಎಣ್ಣೆ ಮುಗಿಯುತ್ತಾ ಬಂದಾಗ ಬತ್ತಿ ಅಷ್ಟೂ ಎತ್ತರಕ್ಕೆ ಎಳೆಯಬೇಕು. ಎಳೆಯುವುದು ನಿಧಾನವಾಗುತ್ತದೆ, ಬತ್ತಿಯ ತುದಿ ಒಣಗಿ ಕರಿಕಟ್ಟುತ್ತದೆ.

ಎರಡು ಸಣ್ಣ ವಿಷಯ ಮರೆಯಬೇಡಿ. ಟ್ಯಾಂಕಿಗೆ ಸೂಜಿ ತೂತಿನಷ್ಟಾದರೂ ಗಾಳಿ ದಾರಿ ಬೇಕು, ಇಲ್ಲದಿದ್ದರೆ ಎಣ್ಣೆ ಇಳಿದಂತೆ ಒಳಗೆ ಎಳೆತ ಹುಟ್ಟಿ ಉರಿ ಕುಗ್ಗುತ್ತದೆ. ಮತ್ತೆ ಬತ್ತಿ ತಳ ಮುಟ್ಟಬಾರದು. ಎಣ್ಣೆಯಲ್ಲಿನ ನೀರು ಕೆಳಗೆ ಕೂರುತ್ತದೆ, ಒಮ್ಮೆ ನೀರು ಕುಡಿದ ಬತ್ತಿ ಎಣ್ಣೆ ಎಳೆಯುವುದಿಲ್ಲ.

ಆದರೂ ನನ್ನ ಸಲಹೆ, ಬಾಟಲಿ ತೆಗೆಯಬೇಡಿ. ಆ ಸ್ಟೌವ್‌ನ ಬರ್ನರ್ ಒಂದೇ ಮಟ್ಟದ ಎಣ್ಣೆಯನ್ನು ನಂಬಿ ಮಾಡಿದ್ದು.

ತಗಡುಗಾರ:

ರಾತ್ರಿಯಿಡೀ ತಣ್ಣಗೆ ಬಿಟ್ಟಿದ್ದೆ. ಮಟ್ಟ ಒಂದಿಷ್ಟೂ ಏರಿಲ್ಲ, ಅಂದರೆ ಶಾಖವೇ. ಈಗ ಸರಿಯಾಗಿ ನೋಡಿದರೆ ಬಾಟಲಿಗೂ ಹತ್ತಿರದ ಬರ್ನರಿಗೂ ನಡುವೆ ಚೌಕಟ್ಟಿನಲ್ಲಿ ಎರಡು ತಿರುಪಿನ ತೂತುಗಳಿವೆ, ಅಲ್ಲಿ ಏನೂ ಇಲ್ಲ. ಮರೆ ತಗಡು ಇದ್ದಿರಬೇಕು.

ಹಿತ್ತಾಳೆಪಂಪು:

ಇದ್ದೇ ಇರುತ್ತದೆ. ಒಂದು ತಗಡು ಕತ್ತರಿಸಿ ಆ ತೂತುಗಳಿಗೇ ಹಾಕಿ. ಬಾಟಲಿಗೆ ತಾಗಿಸಬೇಡಿ, ಎರಡೂ ಕಡೆ ಬೆರಳು ಹೋಗುವಷ್ಟು ಸಂದಿ ಇರಲಿ, ಮೇಲೂ ಕೆಳಗೂ ತೆರೆದಿರಲಿ, ಗಾಳಿ ಹರಿದು ತಗಡನ್ನು ತಣಿಸುತ್ತದೆ. ಮೊದಲ ಸಲ ಹೊತ್ತಿಸುವಾಗ ಬಾಟಲಿ ತುಂಬಿಸಿಕೊಂಡೇ ಶುರು ಮಾಡಿ, ಬಯಲಲ್ಲಿ ಇಟ್ಟು, ಗುಳ್ಳೆ ಏಳುವುದನ್ನು ನೋಡುತ್ತಿರಿ. ಉರಿ ಚೆನ್ನಾಗಿದ್ದೂ ಗುಳ್ಳೆ ಬಹಳ ಹೊತ್ತು ನಿಂತುಹೋದರೆ ಬಾಟಲಿ ಬಿಸಿಯಾಗಿ ಎಣ್ಣೆ ತಳ್ಳುತ್ತಿದೆ ಅಂತ ಅರ್ಥ, ಆಗ ಬತ್ತಿ ಇಳಿಸಿ ಆರಿಸಿಬಿಡಿ.