ಅಪ್‌ಡೇಟ್: ಫುಲ್‌ಬ್ರೈಟ್-ನೆಹರೂ ಅರ್ಜಿಗೆ ಬೇಕಿದ್ದ ಆಹ್ವಾನ ಪತ್ರ ಸಿಕ್ಕಿತು

ಪಿಎಚ್‌ಡಿ ಮಾಡುತ್ತಿರುವವರು ಅಮೆರಿಕದಲ್ಲಿ ಸಂಶೋಧನೆ ನಡೆಸಲು ನೆರವಾಗುವ ಈ ಡಾಕ್ಟರಲ್ ಫೆಲೋಶಿಪ್‌ಗೆ ಆಹ್ವಾನ ಪತ್ರ ಕೇಳಿ ಬರೆದರೆ ಅಮೆರಿಕದ ಪ್ರಾಧ್ಯಾಪಕರು ಯಾರೂ ಉತ್ತರಿಸುತ್ತಿಲ್ಲ ಎಂದು ಕೇಳಿದ್ದೆನಲ್ಲ, ಕೊನೆಗೂ ಪತ್ರ ಬಂದಿದೆ.

ಅಲ್ಲಿಯ ವಿಶ್ವವಿದ್ಯಾಲಯದ ವಿಭಾಗದ ಕಚೇರಿಗೆ ಬರೆಯಿರಿ ಎಂಬ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಪ್ರಾಧ್ಯಾಪಕರನ್ನೇ ಸಂಪರ್ಕಿಸಿ ಎಂಬ ಸಿದ್ಧ ಉತ್ತರ ಬಂತು. ಇಡೀ ಸಂಶೋಧನಾ ಪ್ರಸ್ತಾವವನ್ನು ಲಗತ್ತಿಸಿದ ಮಿಂಚಂಚೆಗಳಿಗೆ ಅದೂ ಇಲ್ಲ. ಫಲ ಕೊಟ್ಟದ್ದು, ‘ಅವರ ಬಳಿ ಇಲ್ಲದ, ನಿಮ್ಮ ಬಳಿ ಇರುವ ಏನನ್ನಾದರೂ ತೋರಿಸಿ’ ಎಂದವರ ಮಾತು. ಕೋಲಾರ ಜಿಲ್ಲೆಯ ಕೆರೆಯೊಂದರ ತೂಬಿನ ಚಿತ್ರ, ಏರಿಯ ಮೇಲಿನ ಶಾಸನದ ಪಾಠ, ಕೆರೆಯ ನೀರು ಹಂಚುವ ನೀರುಗಂಟಿಯ ಬಗ್ಗೆ ಎರಡು ಸಾಲು, ಕೊನೆಗೆ ಆ ಪ್ರಾಧ್ಯಾಪಕರದೇ ಲೇಖನದ ಕುರಿತು ಒಂದು ಪ್ರಶ್ನೆ. ಅಷ್ಟೇ ಕಳುಹಿಸಿದೆ. ಮರುದಿನವೇ ಉತ್ತರ! ಸುಗ್ಗಿಯಲ್ಲಿ ನೀರುಗಂಟಿಗೆ ಕೊಡುತ್ತಿದ್ದ ಧಾನ್ಯದ ಪಾಲಿನ ಬಗ್ಗೆ ಅವರಿಗೆ ಎಲ್ಲಿಲ್ಲದ ಕುತೂಹಲ.

ಉದ್ಯೋಗದಲ್ಲಿರುವವರು ರಜೆ ಕೊಡುತ್ತೇವೆ ಎಂಬ ತಮ್ಮ ಸಂಸ್ಥೆಯ ಒಪ್ಪಿಗೆಗೆ ಮೊದಲೇ ಸಹಿ ಹಾಕಿಸಿಕೊಳ್ಳಿ. ನನ್ನ ಕಡತ ಮೇಜಿನಿಂದ ಮೇಜಿಗೆ ಅಲೆದ ಪರಿ ನೋಡಿದರೆ ಅಮೆರಿಕದವರೇ ವಾಸಿ.

ನನಗೆ ಗೊತ್ತಿರದಿದ್ದ ಸಂಗತಿಯೊಂದು: 2008ರ ಭಾರತ-ಅಮೆರಿಕ ಒಪ್ಪಂದದ ನಂತರ ಭಾರತ ಸರ್ಕಾರವೂ ಈ ಫೆಲೋಶಿಪ್‌ಗೆ ಸಮಪಾಲು ಹಣ ಹಾಕುತ್ತದೆ, ನೆಹರೂ ಹೆಸರು ಸೇರಿದ್ದೂ ಆಗಲೇ. ಸರ್ಕಾರಿ ಹಣವಾದ್ದರಿಂದ, ಜೆ-1 ಎಂಬ ವಿನಿಮಯ ವೀಸಾದಲ್ಲಿ ಹೋಗಿಬಂದವರು ಒಟ್ಟು ಎರಡು ವರ್ಷ ಸ್ವದೇಶದಲ್ಲಿರಬೇಕು. ವಿನಾಯಿತಿ ಸಿಗದ ಹೊರತು ಅಲ್ಲಿಯವರೆಗೆ ಎಚ್-1ಬಿ ಉದ್ಯೋಗ ವೀಸಾ, ಕಾಯಂ ವಾಸದ ಗ್ರೀನ್ ಕಾರ್ಡ್ ಎರಡೂ ಇಲ್ಲ. ಅಲ್ಲೇ ನೆಲೆಸುವ ಯೋಚನೆಯಿದ್ದವರು ಅರ್ಜಿಗೆ ಮುನ್ನ ಇದನ್ನು ಮನೆಯಲ್ಲಿ ಮಾತಾಡಿಕೊಳ್ಳಿ.