ಗೈಡ್ ಕೈಗೆ ಸಿಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೈಸೂರಿನಲ್ಲಿ ಪಿಎಚ್‌ಡಿಗೆ ಸೇರಿ ಎಂಟು ತಿಂಗಳಾಯಿತು. ಗೈಡ್ ಒಳ್ಳೆಯವರೇ, ಆದರೆ ಸಿಗುವುದೇ ಇಲ್ಲ. ಸಿಕ್ಕರೂ "ಓದ್ತಾ ಇರಮ್ಮ" ಅಂತಾರೆ, ಅಷ್ಟೇ. ಗೈಡ್ ಬದಲಾಯಿಸಲಾ? ಅನುಭವ ಇದ್ದವರು ಹೇಳಿ.

ಮಂಡ್ಯದಿಂದ: ನಾನು ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿಯ ಬೆಂಕಿ ರೋಗದ ಮೇಲೆ ಕೆಲಸ ಮಾಡಿದವನು. ಇಂಡಾಫ್ ರಾಗಿ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ದುಡಿದ ನೆಲ ಅದು. ಎಲೆ ನೋಡಿ, ರೋಗ ಎಷ್ಟು ತಗುಲಿದೆ ಅಂತ ಗಿಡಗಳಿಗೆ ಅಂಕ ಕೊಡುವುದು ನನ್ನ ಕೆಲಸ. ಮೊದಲ ವರ್ಷ ಒಂದಿನ ಬಿಸಿಲು ಜಾಸ್ತಿ ಅಂತ ಅರ್ಧ ತಾಕು ಮಾತ್ರ ನೋಡಿದೆ. ಉಳಿದ ಅಂಕಗಳನ್ನು ರೂಮಿನಲ್ಲಿ ಕೂತು ಅಂದಾಜಿನ ಮೇಲೆ ತುಂಬಿಸಿದೆ. ನಮ್ಮ ಮೇಷ್ಟ್ರು ಆ ಅಂಕದ ಪುಸ್ತಕ ತಿರುವಿದರು. ಮೊದಲ ಪುಟಗಳಲ್ಲಿ ಮಣ್ಣಿನ ಬೆರಳಚ್ಚು, ಆಮೇಲಿನವು ತೊಳೆದಿಟ್ಟ ಹಾಗೆ. ಒಂದು ಮಾತೂ ಬೈಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಆರಕ್ಕೆ, ಇಬ್ಬನಿ ಆರುವ ಮೊದಲೇ, ತಾಕಿಗೆ ಕರೆದುಕೊಂಡು ಹೋಗಿ ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಈ ಎಲೆಗೆ ಎಷ್ಟು ಕೊಡ್ತೀಯ?" ಮೂರು ಅಂದೆ. ನೂಲುವ ಕದಿರಿನಾಕಾರದ ಮಚ್ಚೆ, ನಡುವೆ ಬೂದು ಬಣ್ಣ. ಒಂದೊಂದನ್ನೂ ಬೆರಳಿಟ್ಟು ತೋರಿಸಿದರು. ಐದಾಯಿತು. ಎರಡು ಗಂಟೆ ಜೊತೆಗೇ ಇದ್ದರು. ಅವತ್ತಿನಿಂದ ನೋಡದ ಗಿಡಕ್ಕೆ ನಾನು ಅಂಕ ಬರೆದಿಲ್ಲ. ಅದಕ್ಕೇ ಹೇಳುತ್ತೇನೆ, "ಮಾತಾಡಬೇಕು ಸಾರ್" ಅಂತ ಬರಿಗೈಲಿ ಹೋಗಬೇಡಿ. ಬರೆದದ್ದನ್ನು ಹಿಡಿದು ಹೋಗಿ, "ಈ ಪುಟ ಸರಿ ಇದೆಯಾ ನೋಡಿ ಸಾರ್" ಅನ್ನಿ.

ಮೈಸೂರಿನಿಂದ: ನಿಯಮವೂ ನಿಮ್ಮ ಕಡೆ ಇದೆ. ಯುಜಿಸಿಯ 2022ರ ನಿಯಮಾವಳಿ ಪ್ರಕಾರ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಮ್ಮ ಕೆಲಸ ಮಂಡಿಸಬೇಕು. ಅಲ್ಲಿ ಗೈಡ್ ಒಬ್ಬರೇ ಇರುವುದಿಲ್ಲ, ಅಲ್ವಾ? ಉಳಿದವರನ್ನೂ ಕೇಳಿ. ಕನಿಷ್ಠ 3 ವರ್ಷದ ದಾರಿ ಇದು, ಎಂಟು ತಿಂಗಳಿಗೇ ಬದಲಾಯಿಸುವ ಮಾತು ಬೇಡ.

ಸರಸ್ವತಿಪುರಂನಿಂದ: ನನಗೆ ದಾರಿ ತೋರಿಸಿದವರು ಗೈಡೇ ಅಲ್ಲ, ಬೇರೆ ವಿಭಾಗದ ನಿವೃತ್ತ ಮೇಡಂ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ವಾಕಿಂಗ್ ಬರುತ್ತಿದ್ದರು. ಶನಿವಾರ ನಾನೂ ಎರಡು ಪುಟ ಬರೆದು ತರುತ್ತಿದ್ದೆ. ಕಲ್ಲುಬೆಂಚಿನ ಮೇಲೆ ಕೂತು ಓದಿ, ಹಾಳೆ ಮಡಚಿ, "ಈಗ ನೋಡದೇ ಹೇಳು, ನಿನ್ನ ಪ್ರಶ್ನೆ ಏನು?" ಅನ್ನುತ್ತಿದ್ದರು. ಮೊದಮೊದಲು ತಡವರಿಸುತ್ತಿದ್ದೆ. ಐದನೇ ವಾರ ಒಂದೇ ವಾಕ್ಯದಲ್ಲಿ ಹೇಳಿದೆ. ಆ ವಾಕ್ಯ ನನ್ನ ಪ್ರಬಂಧದ ಮೊದಲ ಪುಟದಲ್ಲಿ ಹಾಗೇ ಇದೆ. ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ, ಆದರೆ ನಾನು ಎಲ್ಲಿ ಜಾರಿಕೊಳ್ಳುತ್ತಿದ್ದೇನೆ ಅನ್ನುವುದು ಗೊತ್ತಾಗುತ್ತಿತ್ತು. ನಿಮ್ಮ ವಿಷಯ ಯಾವುದು? ಇಲ್ಲೇ ಬರೆಯಿರಿ, ಯಾರನ್ನು ಕೇಳಬಹುದು ನೋಡೋಣ.